ಕೈ ಹೇಳದ ಕೊಂಬೆ

ನಮ್ಮ ಊರಿನಲ್ಲಿ ಗ್ರಂಥಾಲಯಕ್ಕೆ ಹೋಗುವವರು ಸುಡುಬಿಸಿಲಿನಲ್ಲೂ ಕೊಡೆ ಬಿಚ್ಚಿಕೊಂಡೇ ಹೋಗುತ್ತಿದ್ದರು. ಬಾಗಿಲ ಮುಂದಿನ ಬಾಗೆ ಮರದ ಗಾಯವೊಂದು ಮೂರು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಚಹಾ ಬಣ್ಣದ ನೀರು, ಸ್ವಲ್ಪ ಅಂಟು; ಬಿಳಿ ಬಟ್ಟೆಯ ಮೇಲೆ ಬಿದ್ದರೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಜನ ಅದಕ್ಕೂ ಹೊಂದಿಕೊಂಡಿದ್ದರು. ಗ್ರಂಥಪಾಲಕರು ಒದ್ದೆ ಕೊಡೆಗಳಿಗೆಂದು ಬಾಗಿಲ ಪಕ್ಕ ಹಳೇ ಡ್ರಮ್ಮೊಂದನ್ನು ಇಟ್ಟಿದ್ದರು. ಮದುವೆಯ ಮೆರವಣಿಗೆಗಳು ಆ ರಸ್ತೆ ಬಿಟ್ಟು ಹಿಂದಿನ ಬೀದಿ ಹಿಡಿಯುತ್ತಿದ್ದವು. ಸ್ಕೂಲಿನ ಮಕ್ಕಳು ಒಂದು ಹನಿ ಬಿದ್ದು ಇನ್ನೊಂದು ಬೀಳುವುದರೊಳಗೆ ಓಡಿ ದಾಟುವ ಆಟ ಕಟ್ಟಿಕೊಂಡಿದ್ದವು. ನಮ್ಮಪ್ಪ ಕೊಡೆ ರಿಪೇರಿ ಮಾಡುವವರು. ಮಾರ್ಕೆಟ್ಟಿನ ಮೂಲೆಯಲ್ಲಿದ್ದ ತಮ್ಮ ಪೆಟ್ಟಿಗೆಯಂಗಡಿಯನ್ನು ಆ ಮರದ ಎದುರಿಗೇ ತಂದಿಟ್ಟುಕೊಂಡರು. ಆ ಪುಣ್ಯಾತ್ಮ ಯಾರೋ, ಕೈ ಹೇಳದೆ ಹೋಗಿದ್ದು ನಮ್ಮ ಪಾಲಿಗೆ ಒಳ್ಳೇದೇ ಆಯಿತು ಎಂದು ಊಟಕ್ಕೆ ಕೂತಾಗ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ. ಆ ಪುಣ್ಯಾತ್ಮ ನಾನೇ.

ಕೊಂಬೆ ಕಡಿದವರು ಇನ್ನೊಬ್ಬರ ಕಿವಿಗೆ ಬೀಳುವಂತೆ, ಇಂಥವರ ಮಗಳು ಇಂಥವಳು, ಇದು ನನ್ನ ಕೈ ಎನ್ನಬೇಕು. ಕೇಳಿದವರು ಕೇಳಿಸಿತು ಎನ್ನಬೇಕು. ಆಮೇಲೆ ಗಾಯ ಒಣಗುತ್ತದೆ. ಇದಕ್ಕೆ ನಾವು ಕೈ ಹೇಳುವುದು ಅನ್ನುತ್ತೇವೆ. ಒಗ್ಗರಣೆಗೆ ಕರಿಬೇವು ಕಿತ್ತುಕೊಳ್ಳುವ ಹೆಂಗಸರು ಕೂಡ ಅಡುಗೆಮನೆಯ ಕಡೆ ಮುಖ ಮಾಡಿ ಗೊಣಗಿದ ಹಾಗೆ ಅಂದುಬಿಡುತ್ತಾರೆ. ಒಳಗಿನಿಂದ ಯಾರೋ ಹೂಂ ಕೇಳಿಸ್ತು ಅನ್ನುತ್ತಾರೆ. ಇನ್ನೊಬ್ಬರ ಕೈಯನ್ನು ಮಾತ್ರ ನಾವು ಹೇಳುವಂತಿಲ್ಲ. ಹೇಳಿದರೆ ಗಾಯಕ್ಕೇನೂ ಆಗುವುದಿಲ್ಲ, ಹೇಳಿದವರ ಮರ್ಯಾದೆ ಹೋಗುತ್ತದೆ, ಅಷ್ಟೆ. ನಾನು ಚಿಕ್ಕಂದಿನಿಂದ ಒಂದು ಮಲ್ಲಿಗೆ ಮೊಗ್ಗನ್ನೂ ಕಿತ್ತವಳಲ್ಲ. ಎಷ್ಟು ಮೃದು ಮನಸ್ಸು ನೋಡಿ ಈ ಹುಡುಗಿಯದು ಎಂದು ಬಂಧುಗಳೆಲ್ಲ ಹೊಗಳುತ್ತಿದ್ದರು. ಮೃದುವೂ ಇಲ್ಲ ಏನೂ ಇಲ್ಲ. ಕಿತ್ತರೆ ಬಾಯಿ ಬಿಡಬೇಕಲ್ಲ ಎಂಬ ಭಯ. ಕ್ಲಾಸಿನಲ್ಲಿ ಹಾಜರಿ ಕರೆದಾಗ ಬಂದೆ ಎನ್ನಲಾರದೆ ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡವಳು ನಾನು.

ಡಿಗ್ರಿಯ ಕೊನೇ ವರ್ಷ ಗ್ರಂಥಾಲಯದ ಮಹಡಿಯ ಕಿಟಕಿ ಪಕ್ಕ ಕೂತು ಓದುತ್ತಿದ್ದೆ. ಆ ವಾರ ಬೋರಕ್ಕ ಬಾಗೆ ಮರದ ಒಣಗಿದ ಕೊಂಬೆಗಳನ್ನು ಸವರುತ್ತಿದ್ದಳು. ಪುರಸಭೆಯ ಹಿತ್ತಾಳೆ ಬಿಲ್ಲೆಯನ್ನು ರವಿಕೆಗೆ ಚುಚ್ಚಿಕೊಂಡು ಮರ ಹತ್ತುತ್ತಿದ್ದ ಒಬ್ಬಳೇ ಹೆಂಗಸು ಅವಳು. ಸೀರೆಯನ್ನು ಕಚ್ಚೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಕವೆಯಿಂದ ಕವೆಗೆ ಹೋಗುವುದನ್ನು ನೋಡುತ್ತ ನಾನು ಪುಟ ತಿರುವುವುದನ್ನೇ ಮರೆಯುತ್ತಿದ್ದೆ. ಅವಳ ಹಾಗೆ ಒಂದು ಸಲ, ಒಂದೇ ಸಲ, ಎಂದು ಡೈರಿಯಲ್ಲಿ ಬರೆದಿದ್ದೆ. ಡೈರಿಯನ್ನು ನಾನು ಎಡಗೈಯಲ್ಲಿ ಬರೆಯುತ್ತೇನೆ. ಒಂದನೇ ತರಗತಿಯಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದು ಬಲಗೈ ಮಾಡಿಸಿದ ಮೇಲೆ ಊರಿಗೆಲ್ಲ ನಾನು ಬಲಗೈಯವಳು.

ಆ ಮಧ್ಯಾಹ್ನ ಗ್ರಂಥಪಾಲಕರು ಊಟದ ಹೊತ್ತಿಗೆ ಬಾಗಿಲಿಗೆ ಬೀಗ ಹಾಕಿಕೊಂಡು ಹೋದರು. ನಾನು ಒಳಗಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ, ಇದ್ದೇನೆ ಎಂದು ಕೂಗಲು ನನಗಾಗಲಿಲ್ಲ. ಬೋರಕ್ಕ ತನ್ನ ಕೈಗರಗಸವನ್ನು ಮಹಡಿಯ ಕಟಾಂಜನದ ಕಂಬಿಗೆ ನೇತುಹಾಕಿ ತಾನೂ ಊಟಕ್ಕೆ ಹೋಗಿದ್ದಳು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಕಟಾಂಜನಕ್ಕೆ ತಗುಲುವಂತೆ ಒಂದು ಹಸಿ ಕೊಂಬೆ, ನನ್ನ ತೊಡೆ ದಪ್ಪ. ಅದು ಕಡಿಯಬೇಕಾದ ಕೊಂಬೆಯೂ ಆಗಿರಲಿಲ್ಲ. ನಾನು ಗರಗಸವನ್ನು ಎಡಗೈಗೆ ತೆಗೆದುಕೊಂಡು ಬೋರಕ್ಕ ಮಾಡುತ್ತಿದ್ದ ಹಾಗೇ ಮೇಲಿನಿಂದ ಕೊಯ್ದೆ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು, ಬುಡದ ಕಡೆಗೆ ಮಾರುದ್ದ ತೊಗಟೆಯನ್ನು ಸೀರೆ ಹರಿದ ಹಾಗೆ ಪರ್ರನೆ ಸೀಳಿಕೊಂಡು ರಸ್ತೆಗೆ ಬಿತ್ತು. ಗರಗಸವನ್ನು ಇದ್ದಲ್ಲೇ ನೇತುಹಾಕಿ ಬಂದು ಪುಸ್ತಕ ತೆರೆದು ಕೂತೆ. ಗಲಾಟೆಗೆ ಓಡಿಬಂದ ಗ್ರಂಥಪಾಲಕರು ಬೀಗ ತೆಗೆದು, ಒಂದಷ್ಟು ಹೊತ್ತು ರಸ್ತೆಯ ಜನರೊಡನೆ ಕೊಂಬೆ ನೋಡುತ್ತ ನಿಂತಿದ್ದು ಮೇಲೆ ಬಂದಾಗ ನನ್ನನ್ನು ಕಂಡು, ನೀನು ಯಾವಾಗ ಬಂದೆಯಮ್ಮ ಎಂದು ಕೇಳಿದರು. ಈಗ, ಎಂದೆ. ನಾನು ಹೇಳಿದ್ದು ಅದೊಂದೇ ಮಾತು.

ಗರಗಸ ಬೋರಕ್ಕನದು, ಅದರ ಹಲ್ಲಿನಲ್ಲಿ ಹಸಿ ಪುಡಿ, ಮರದ ಮೇಲೆ ಆ ವಾರ ಹತ್ತಿದವಳೂ ಅವಳೇ. ಪುರಸಭೆಯವರು ಅವಳನ್ನು ಮರದ ಕೆಳಗೆ ನಿಲ್ಲಿಸಿ, ಒಂದು ಸಲ ಕೈ ಹೇಳಿಬಿಡು, ಗಾಯ ಒಣಗದಿದ್ದರೆ ನಿನ್ನದಲ್ಲ ಎಂದು ನಾವೂ ಒಪ್ಪುತ್ತೇವೆ ಎಂದರು. ಕೇಳುವುದಕ್ಕೆ ನ್ಯಾಯವಾಗೇ ಇತ್ತು. ಬೋರಕ್ಕ ಹೇಳಲಿಲ್ಲ. ಜನರ ಹಿಂದೆ ನಿಂತಿದ್ದ ನನಗೆ ಅವಳ ಮಾತು ಇವತ್ತಿಗೂ ಕೇಳುತ್ತದೆ. "ನನ್ನ ಬಾಯಲ್ಲಿ ಇವತ್ತಿನ ತನಕ ಸುಳ್ಳು ಕೈ ಬಂದಿಲ್ಲ ಸ್ವಾಮಿ. ಪರೀಕ್ಷೆಗೆ ಅಂತ ಹೇಳಿದ್ರೂ ಅದು ಸುಳ್ಳೇ. ನಾಳೆ ನಾನು ದಿಟವಾಗಿ ಕಡಿದು ದಿಟವಾಗಿ ಹೇಳಿದಾಗ ಯಾವ ಮರ ನನ್ನ ನಂಬ್ತದೆ?" ಅವಳ ಬಿಲ್ಲೆಯನ್ನು ಕಿತ್ತುಕೊಂಡರು. ಆವತ್ತಿನಿಂದ ಬೋರಕ್ಕ ನೆಲದಲ್ಲೇ ಉಳಿದಳು, ಬೇರೆಯವರು ಕಡಿದದ್ದನ್ನು ಎಳೆದು ಹಾಕುವ ಕೆಲಸಕ್ಕೆ.

ಹೇಳಲು ನಾನು ಪ್ರಯತ್ನಪಡಲಿಲ್ಲ ಎಂದಲ್ಲ. ಎರಡು ಸಲ ಹೋದೆ. ಒಮ್ಮೆ ಯಾರೂ ಇಲ್ಲದಾಗ ಮರಕ್ಕೆ ಬಾಯಿ ಹಚ್ಚಿ ಪಿಸುಗುಟ್ಟಿದೆ. ಕೇಳಿಸಿಕೊಂಡದ್ದು ಒಂದು ನಾಯಿ, ಅದು ಬಾಲ ಅಲ್ಲಾಡಿಸಿತೇ ಹೊರತು ಹನಿ ನಿಲ್ಲಲಿಲ್ಲ. ಇನ್ನೊಮ್ಮೆ ಚೀಟಿಯಲ್ಲಿ ಬರೆದು ತೊಗಟೆಯ ಸೀಳಿನಲ್ಲಿ ಸಿಕ್ಕಿಸಿದೆ. ಹನಿಗೆ ಶಾಯಿ ಕದಡಿ ಸಂಜೆಯೊಳಗೆ ಬರೀ ಕಾಗದವಾಯಿತು. ಡೈರಿಯಲ್ಲಂತೂ ಇದು ನನ್ನ ಕೈ, ಇದು ನನ್ನ ಕೈ ಎಂದು ಕಾಪಿ ಬರೆದ ಹಾಗೆ ಪುಟಗಟ್ಟಲೆ ಬರೆದಿದ್ದೇನೆ. ಬರೆಯುವ ಹೊತ್ತಿಗೆ ಹಗುರವಾಗುತ್ತಿತ್ತು. ಆ ಹಗುರವೂ ಈಗ ನೆನೆದರೆ ನಾಚಿಕೆ.

ಮೂರನೇ ವರ್ಷಕ್ಕೆ ಹಳೇ ಹೆಂಚಿನ ಕಾರ್ಖಾನೆಯಲ್ಲಿ ಮರವೈದ್ಯ ತರಬೇತಿ ಕೇಂದ್ರ ತೆರೆದರು. ಸಸ್ಯಶಾಸ್ತ್ರ ಓದಿ ಮನೆಯಲ್ಲಿ ಕೂತಿದ್ದ ಮಗಳಿಗೆ ಸರಿಯಾಯಿತು ಎಂದು ಅಪ್ಪ ಅದರ ಕೈಪಿಡಿ ತಂದುಕೊಟ್ಟರು. ನಾಲ್ಕು ಕೋರ್ಸುಗಳಿದ್ದವು. ಆರು ವಾರದ ನೆಲದ ಕೆಲಸ: ಹಗ್ಗ, ಗಂಟು, ಪ್ರಥಮ ಚಿಕಿತ್ಸೆ, ಕೆಳಗೆ ಬಿದ್ದದ್ದನ್ನು ಎಳೆದು ರಾಶಿ ಹಾಕುವುದು. ಮೂರು ತಿಂಗಳ ಹತ್ತುವ ಕೆಲಸ. ಅದು ಪಾಸಾದವರಿಗೆ ಮಾತ್ರ ಯಂತ್ರದ ಗರಗಸದ ಸರ್ಟಿಫಿಕೇಟು. ಇವೆಲ್ಲದರ ಪಕ್ಕದಲ್ಲಿ, ದಪ್ಪಕ್ಷರದಲ್ಲಿ, ಪದವೀಧರರಿಗಾಗಿ ಒಂದು ವರ್ಷದ ಮರ ತಪಾಸಣೆ ಡಿಪ್ಲೊಮಾ: ಕಾಂಡಕ್ಕೆ ಸುತ್ತಿಗೆ ಬಡಿದು ಟೊಳ್ಳೋ ಗಟ್ಟಿಯೋ ಕೇಳುವುದು, ಗಾಯ ಓದುವುದು, ವರದಿ ಬರೆಯುವುದು. ಅಮ್ಮ ಬೆರಳಿಟ್ಟು ತೋರಿಸಿದ್ದು ಅದನ್ನೇ. ಕುರ್ಚಿಯ ಕೆಲಸ, ಮೈ ಕೈ ನೋವಿಲ್ಲ, ಬಂದ ಗಂಡುಗಳೂ ಮುಖ ತಿರುಗಿಸುವುದಿಲ್ಲ ಎಂದಳು. ನನ್ನ ಕಣ್ಣು ಹತ್ತುವ ಕೆಲಸದ ಪುಟದಲ್ಲಿ ಹಗ್ಗದ ಮೇಲೆ ತೂಗುತ್ತಿದ್ದ ಹುಡುಗಿಯೊಬ್ಬಳ ಚಿತ್ರದ ಮೇಲಿತ್ತು. ಆದರೆ ಹತ್ತಿದರೆ ಕಡಿಯಬೇಕು, ಕಡಿದರೆ ಕೈ ಹೇಳಬೇಕು. ಡಿಪ್ಲೊಮಾದವರು ಕಡಿಯುವುದೇ ಇಲ್ಲ.

ಕೇಂದ್ರದಲ್ಲಿ ಕೋರ್ಸು ಆರಿಸಿಕೊಡಲೆಂದೇ ಪದ್ಮರಾಜಯ್ಯ ಎಂಬ ಹಿರಿಯರಿದ್ದರು. ಒಳ್ಳೆಯ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದರು. ನಿಮಗೆ ಎತ್ತರದ ಭಯ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಹತ್ತುವುದಕ್ಕೆ ಯಾಕೆ ಸೇರಬಾರದು, ಹುಡುಗಿಯರು ಬರುತ್ತಿಲ್ಲ, ಡಿಪ್ಲೊಮಾದವರು ಕೆಳಗೆ ನಿಂತು ಮೇಲಿನವರ ತಪ್ಪು ಬರೆಯುವವರು, ಅಂಥವರು ಈಗಾಗಲೇ ಊರ ತುಂಬ ಇದ್ದಾರೆ ಎಂದು ನಕ್ಕರು. ನಾನು ನೆಲ ನೋಡಿದೆ. ಅವರು ಅರ್ಜಿ ಕೊಟ್ಟು, ಯೋಚನೆ ಮಾಡಿ ತುಂಬಿಸಿ, ಪ್ರವೇಶ ಪರೀಕ್ಷೆಯ ದಿನ ತನ್ನಿ ಎಂದರು. ಅರ್ಜಿಯ ಒಂಬತ್ತನೆಯ ಅಂಕಣ ಹೀಗಿತ್ತು: ನೀವು ಕೈ ಹೇಳದ ಗಾಯ ಯಾವುದಾದರೂ ಇದೆಯೇ? ಇದೆ, ಇಲ್ಲ. ತಪ್ಪು ಮಾಹಿತಿ ಕೊಟ್ಟರೆ ಪ್ರವೇಶ ರದ್ದು.

ಅರ್ಜಿ ಹಿಡಿದು ನಾನು ಹೋಗಿದ್ದು ಬೋರಕ್ಕನ ಹತ್ತಿರ. ಊರಿನಲ್ಲಿ ಈ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದರು. ಅವಳ ಹತ್ತಿರವೇ ಯಾಕೆ ಹೋದೆ ಎಂದು ಡೈರಿಯಲ್ಲೂ ನಾನು ಬರೆದುಕೊಂಡಿಲ್ಲ. ಅವಳು ಗ್ರಂಥಾಲಯದ ಕಾಂಪೌಂಡ್ ಗೋಡೆಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು, ಪಕ್ಕದಲ್ಲಿ ನಮ್ಮಪ್ಪ ತೇಪೆ ಹಾಕಿಕೊಟ್ಟ ಕರಿ ಕೊಡೆ. ಏನು ಓದಿದ್ದೀಯ ಎಂದು ಕೇಳಿ, ಹೇಳಿದ ಮೇಲೆ ನನಗೆ ಡಿಗ್ರಿಯವ್ವ ಎಂದು ಹೆಸರಿಟ್ಟಳು. ಕೈಪಿಡಿಯನ್ನು ಓದಿ ಹೇಳು ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಓದುತ್ತ ಹೋದ ಹಾಗೆ ಒಂದೊಂದಕ್ಕೂ ಅವಳದು ಒಂದು ಪ್ರಶ್ನೆ. ಕಲಿಸುವವನೇ ಪಾಸು ಮಾಡ್ತಾನೋ, ಬೇರೆಯವನು ಬಂದು ನೋಡ್ತಾನೋ? ಬೇರೆಯವನೇ ಆಗಬೇಕು ಕಣವ್ವ, ತಾನೇ ಅಟ್ಟು ತಾನೇ ರುಚಿ ನೋಡಿದರೆ ಉಪ್ಪು ಗೊತ್ತಾಗಲ್ಲ. ಮರದ ಮೇಲೆ ಪ್ರಜ್ಞೆ ತಪ್ಪಿದವನನ್ನು ಇಳಿಸೋದು ಎಷ್ಟನೇ ದಿನ ಕಲಿಸ್ತಾರೆ? ಕೊನೇ ವಾರ ಅಂತ ಬರೆದಿದ್ದರೆ ಆ ಕಡೆ ತಲೆನೇ ಹಾಕಬೇಡ. ಸರ್ಟಿಫಿಕೇಟು ಎಷ್ಟು ವರ್ಷಕ್ಕೆ? ಹತ್ತೋದು ಮರೆತ ಮೇಲೂ ಕಾಗದ ಉಳಿದರೆ ಅದು ಸುಳ್ಳು ಕಾಗದ.

ಡಿಪ್ಲೊಮಾದ ಪುಟ ಓದಿದಾಗ ಬೋರಕ್ಕ, ಮೊದಲು ನೆಲದ ಕೆಲಸ ಕಲಿ ಎಂದಳು. ಮೇಲಿರುವವರ ಜೀವ ನೆಲದವರ ಕೈಯಲ್ಲಿರುತ್ತದೆ. ಮೇಲಿನಿಂದ ನೋಡಿ ಕಲಿತವರಿಗೆ ಕೆಳಗಿನ ಕಚ್ಚು ಕಾಣುವುದಿಲ್ಲ. ಹೀಗೆಂದು ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಹಸಿ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಬೇಕು, ಆಮೇಲೆ ಅದಕ್ಕಿಂತ ಮುಂದೆ ಮೇಲಿನಿಂದ ಕೊಯ್ಯಬೇಕು, ಭಾರ ಬಿದ್ದುಹೋದ ಮೇಲೆ ಕೊರಳು ಉಳಿಸಿ ಸವರಬೇಕು. ಕೊಂಬೆ ಮರಕ್ಕೆ ಸೇರುವಲ್ಲಿ ಉಬ್ಬಿದ ಬಳೆಯ ಹಾಗಿರುವುದೇ ಕೊರಳು. ಅದು ಉಳಿದರೆ ಮಾತ್ರ ಮರಕ್ಕೆ ಗಾಯ ಮುಚ್ಚಿಕೊಳ್ಳಲು ಬರುತ್ತದೆ. ಮೂರು ವರ್ಷದ ಹಿಂದೆ ಕಿಟಕಿಯಲ್ಲಿ ಕೂತಿದ್ದ ನನಗೆ ಅವಳ ಕೆಳಗಿನ ಕಚ್ಚು ಕಣ್ಣಿಗೇ ಬಿದ್ದಿರಲಿಲ್ಲ. ತಟ್ಟೆಯ ಮೇಲಿನ ಆ ಗೆರೆಯನ್ನು ನೋಡುತ್ತ ನನ್ನ ಕಿವಿ ಬಿಸಿಯಾಯಿತು.

ಆ ತಿಂಗಳೆಲ್ಲ ದಿನಾ ಮಧ್ಯಾಹ್ನ ಹೋದೆ. ಬೋರಕ್ಕ ಹಳೇ ಹಗ್ಗದ ತುಂಡೊಂದನ್ನು ಕೊಟ್ಟು ಗಂಟು ಕಲಿಸಿದಳು. ನನ್ನ ಕೈ ಓಡುತ್ತಿತ್ತು. ಖುಷಿಯಲ್ಲಿ ಯಾವ ಕೈ ಎಂಬುದರ ಮೇಲೆ ಗಮನ ಇರುತ್ತಿರಲಿಲ್ಲ. ಒಂದು ದಿನ ನಾನು ಹಾಕಿದ ಗಂಟನ್ನು ಹಿಂದೆ ಮುಂದೆ ತಿರುಗಿಸಿ, "ಸರಿಯಾಗೈತೆ, ಆದ್ರೆ ಕನ್ನಡಿಲಿ ನೋಡ್ದಂಗೈತಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಇನ್ನೊಂದು ದಿನ, ತಿಂಗಳ ಕೊನೆಗೆ ಬಾಗೆ ಮರವನ್ನೇ ಉರುಳಿಸುತ್ತಾರಂತೆ ಎಂದಳು. ನೀರು ಸುರಿದೂ ಸುರಿದೂ ಕಾಂಡ ಕೊಳೆಯುವುದಕ್ಕೆ ಶುರುವಾಗಿತ್ತು. ಒಳ್ಳೇದೇ ಆಯಿತಲ್ಲವಾ, ಜನರಿಗೆ ಕಷ್ಟ ತಪ್ಪಿತು ಎಂದು ನಾನು ಸಣ್ಣದಾಗಿ ಹೇಳಿದೆ. ಬೋರಕ್ಕ ಹಗ್ಗ ಸುತ್ತುತ್ತಿದ್ದಳು. "ಜನಕ್ಕೆ ತಪ್ತದೆ. ಮರ ಹೋದ್ಮೇಲೆ ಗಾಯ ಎಲ್ಲಿರ್ತದೆ ಮಗಾ, ಯಾರಾದರೂ ಬಂದು ಕೈ ಹೇಳ್ತೀನಿ ಅಂದ್ರೂ ಎಲ್ಲಿ ನಿಂತು ಹೇಳ್ತಾರೆ? ನಾನು ಸಾಯೋ ತನಕ ಇದು ನಂದೇ." ಅವಳ ರವಿಕೆಯಲ್ಲಿ ಬಿಲ್ಲೆ ಚುಚ್ಚಿಕೊಳ್ಳುತ್ತಿದ್ದ ಜಾಗದ ಎರಡು ತೂತುಗಳು ಇನ್ನೂ ಹಾಗೇ ಇದ್ದವು. ಹೊಸ ರವಿಕೆ ಹೊಲಿಸಿದರೂ ಅಲ್ಲಿ ತೂತು ಮಾಡಿಕೊಳ್ಳುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಆ ಸಂಜೆ ನಾನು ಅರ್ಜಿ ತುಂಬಿದೆ. ಕೋರ್ಸು ಎಂಬಲ್ಲಿ ಡಿಪ್ಲೊಮಾ. ಒಂಬತ್ತನೆಯ ಅಂಕಣದಲ್ಲಿ ಇಲ್ಲ. ಬಲಗೈಯಲ್ಲಿ ಬರೆದೆ, ಅಕ್ಷರ ದುಂಡಗೆ ಬಂತು.

ಪ್ರವೇಶ ಪರೀಕ್ಷೆಗೆ ಐದು ಜನ ಬಂದಿದ್ದೆವು. ಪದ್ಮರಾಜಯ್ಯ ಅರ್ಜಿಗಳನ್ನು ಜೋಡಿಸಿಕೊಂಡು, ಬನ್ನಿ, ಹೊರಗೆ ಹೋಗೋಣ, ಹೇಗೂ ಹೋಗುವ ಮರ, ಹೋಗುವ ಮುಂಚೆ ನಮಗೊಂದು ಪಾಠ ಆಗಲಿ ಎಂದು ನಮ್ಮನ್ನು ನೇರವಾಗಿ ಗ್ರಂಥಾಲಯದ ಮುಂದೆ ತಂದು ನಿಲ್ಲಿಸಿದರು. ಎಲ್ಲರ ಕೈಯಲ್ಲೂ ಕೊಡೆ. ಒಬ್ಬೊಬ್ಬರೂ ಗಾಯ ಓದಬೇಕು, ಏನು ತಪ್ಪಾಗಿದೆ ಹೇಳಬೇಕು. ಮರ ಉರುಳಿಸುವ ತಯಾರಿಗೆ ಹಗ್ಗ ತಂದಿದ್ದ ಬೋರಕ್ಕ ಬುಡದಲ್ಲಿ ಕೂತಿದ್ದಳು. ನನ್ನ ಮುಂದಿನ ನಾಲ್ಕು ಜನ ಗಾಳಿ ಎಂದರು, ಹುಳ ಎಂದರು, ಲಾರಿ ತಗುಲಿದೆ ಎಂದರು. ನನ್ನ ಸರದಿ ಬಂತು.

ನನಗೆ ಏನಾಯಿತೋ ತಿಳಿಯದು. ಜನ್ಮದಲ್ಲಿ ಮೊದಲ ಸಲ ನನ್ನ ಮಾತು ತಡೆಯಿಲ್ಲದೆ ಹರಿಯಿತು. ಇದು ಗಾಳಿಯಲ್ಲ, ಗರಗಸ ಎಂದೆ. ಮೇಲಿನಿಂದ ಮಾತ್ರ ಕೊಯ್ದಿದ್ದಾರೆ, ಕೆಳಗಿನ ಕಚ್ಚು ಹಾಕಿಲ್ಲ, ಅದಕ್ಕೇ ತೊಗಟೆ ಸೀಳಿದೆ. ಕಡಿದವರು ಮರದ ಮೇಲಿರಲಿಲ್ಲ, ಮಹಡಿಯ ಕಟಾಂಜನಕ್ಕೆ ಹೊಟ್ಟೆ ಒತ್ತಿ ನಿಂತಿದ್ದರು, ಕೊಯ್ದ ಓರೆ ನೋಡಿದರೆ ಗೊತ್ತಾಗುತ್ತದೆ. ಗರಗಸ ಎಡಗೈಯಲ್ಲಿತ್ತು. ಅರ್ಧಕ್ಕೆ ಬಂದಾಗ ಚಟ್ ಎಂದು ಸದ್ದಾಗಿದೆ, ಆಗ ಹೆದರಿ ಗರಗಸ ಎಳೆದುಕೊಂಡಿದ್ದಾರೆ, ನೋಡಿ ಇಲ್ಲಿ ಹಲ್ಲಿನ ಗೀರು ಓಡಿಹೋದ ಹಾಗಿದೆ. ಕೆಲಸ ಬಲ್ಲವರ ಕೈಯಲ್ಲ ಇದು, ಕೆಲಸದ ಆಸೆ ಇದ್ದವರ ಕೈ. ಪದ್ಮರಾಜಯ್ಯ ಕನ್ನಡಕ ತೆಗೆದು, ನಲವತ್ತು ವರ್ಷದಲ್ಲಿ ಇಂಥ ಓದು ಕೇಳಿಲ್ಲ, ಕಣ್ಣಾರೆ ಕಂಡ ಹಾಗೆ ಹೇಳಿದಿರಿ ಎಂದರು. ಉಳಿದ ನಾಲ್ವರು ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು, ಆದರೆ ಆಯಿತು. ಒಂದು ಗಳಿಗೆ, ಚಪ್ಪಾಳೆ ಮುಗಿಯುವ ತನಕ, ನಾನು ಗರಗಸ ಹಿಡಿದವಳಲ್ಲ, ಗಾಯ ಓದಿದವಳು ಮಾತ್ರ ಆಗಿದ್ದೆ.

ಎಲ್ಲರೂ ಟೀ ಕುಡಿಯಲು ಹೋದರು. ಬೋರಕ್ಕ ಎದ್ದು ಬಂದು ಗಾಯವನ್ನು ನೋಡಿದಳು. ಆಮೇಲೆ ಕೊಡೆ ಹಿಡಿದಿದ್ದ ನನ್ನ ಕೈಯನ್ನು ನೋಡಿದಳು. ಕೊಡೆ ಎಡಗೈಯಲ್ಲಿತ್ತು.

"ಮೂರು ವರ್ಷದಿಂದ ದಿನಾ ನೋಡ್ತಾ ಇದೀನಿ," ಎಂದಳು. "ಎಡಗೈ ಅಂತ ನಂಗೇ ಹೊಳೀಲಿಲ್ಲ."

ಅವಳು ಕಾದಳು. ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಮಕ್ಕಳ ಆಟದಲ್ಲಾದರೆ ಅಷ್ಟು ಹೊತ್ತಿಗೆ ನಾನು ದಾಟಿರಬೇಕಿತ್ತು. ಬೋರಕ್ಕ ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ, ನಾನು ಗಂಟು ಕಲಿತ ಹಗ್ಗದ ತುಂಡನ್ನು ತೆಗೆದು ನನ್ನ ಕೈಗಿತ್ತು, ಹೋಗಮ್ಮ, ಟೀ ಆರಿಹೋಗ್ತದೆ ಎಂದಳು. ಮಗಾ ಎನ್ನಲಿಲ್ಲ, ಡಿಗ್ರಿಯವ್ವ ಎನ್ನಲಿಲ್ಲ. ಅಮ್ಮ ಎಂದಳು, ಪರಿಚಯವಿಲ್ಲದವರನ್ನು ಕರೆಯುವ ಹಾಗೆ.

ಅವಳು ಯಾರಿಗೂ ಹೇಳಲಿಲ್ಲ. ಪುರಸಭೆ ಅಲ್ಲೇ ಎರಡು ಹೆಜ್ಜೆಯಲ್ಲಿತ್ತು. ಹೇಳಿದ್ದರೆ ಪದ್ಮರಾಜಯ್ಯನವರೇ ಸಾಕ್ಷಿಯಾಗುತ್ತಿದ್ದರು. ಇನ್ನೊಬ್ಬರ ಕೈ ಹೇಳಬಾರದು, ಅವಳು ಹೇಳಲಿಲ್ಲ. ಹೇಳಿಬಿಡಲಿ ಎಂದು ನಾನು ಎರಡು ದಿನ ಕಾದೆ. ನಾನೇ ಬಾಯಿ ಬಿಡುವುದಕ್ಕಿಂತ ಸಿಕ್ಕಿಬೀಳುವುದು ಸುಲಭ ಎಂದು ನನಗೆ ಅನಿಸುತ್ತಿತ್ತು.

ಮೂರನೆಯ ದಿನ ಪಟ್ಟಿ ಹಾಕಿದರು. ಡಿಪ್ಲೊಮಾದಲ್ಲಿ ಮೊದಲ ಹೆಸರು ನನ್ನದೇ. ಅಪ್ಪ ಬೆಳಿಗ್ಗೆಯೇ ಹೋಗಿ ನೋಡಿಕೊಂಡು ಬಂದು, ನನ್ನನ್ನು ಅಂಗಡಿಗೆ ಕರೆಸಿಕೊಂಡರು. ಪೆಟ್ಟಿಗೆಯೊಳಗಿನಿಂದ ಒಂದು ಕೊಡೆ ತೆಗೆದರು. ರಿಪೇರಿಗೆ ಬಂದ ಕೊಡೆಗಳಿಂದ ಉಳಿದ ಬಟ್ಟೆಯ ಚೂರುಗಳನ್ನೆಲ್ಲ ಸೇರಿಸಿ, ಎಂಟು ಬಣ್ಣದ ಎಂಟು ಪಟ್ಟಿ ಹೊಲಿದಿದ್ದರು. ಮೂರು ವರ್ಷದಿಂದ ಕೂಡಿಟ್ಟ ಬಟ್ಟೆ, ಈ ಮರದ ಕೆಳಗೆ ಓಡಾಡಿದವರದೇ, ಇನ್ನು ನೀನು ಮರಗಳ ಕೆಳಗೆ ನಿಂತು ಬರೆಯುವವಳು, ಬೇಕಾಗುತ್ತದೆ ಎಂದರು. ಎದುರಿಗೆ ಮರಕ್ಕೆ ಹಗ್ಗ ಬಿಗಿಯುತ್ತಿದ್ದರು. ನಾಳೆ ಉರುಳಿಸುವುದು. ಬೋರಕ್ಕ ಹಗ್ಗದ ತುದಿ ಹಿಡಿದು ನಿಂತಿದ್ದಳು.

ನಾನು ಕೊಡೆಯನ್ನು ಅಪ್ಪನ ಪೆಟ್ಟಿಗೆಯ ಮೇಲಿಟ್ಟು ರಸ್ತೆ ದಾಟಿದೆ. ಮರದ ಕೆಳಗೆ ಹೋಗಿ ನಿಂತೆ. ತಲೆಯ ಮೇಲೆ ಹನಿ ಬಿತ್ತು. ಮೊದಲು ಬಂದ ಮಾತು, ಇದು ಬೋರಕ್ಕನ ಕೈ ಅಲ್ಲ, ಎಂಬುದು. ಮರ ಎಂದಿನಂತೆ ಸುರಿಯುತ್ತಲೇ ಇತ್ತು. ಹಾಗೆ ಹೇಳಿ ದಾಟಿಹೋಗಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಆಮೇಲೆ ಇನ್ನೊಂದನ್ನು ಹೇಳಿದೆ. ಗಂಟಲಿನಿಂದ ಗಾಳಿ ಬಂತು, ಸದ್ದು ಬರಲಿಲ್ಲ.

"ಕೇಳಿಸ್ಲಿಲ್ಲ," ಎಂದಳು ಬೋರಕ್ಕ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮತ್ತೆ ಹೇಳಿದೆ. ಹಗ್ಗ ಹಿಡಿದಿದ್ದ ಇನ್ನಿಬ್ಬರು ತಿರುಗಿ ನೋಡಿದರು.

"ಕೇಳಿಸ್ಲಿಲ್ಲ."

ಓದುತ್ತಿದ್ದವರು ಗ್ರಂಥಾಲಯದ ಕಿಟಕಿಗಳಿಗೆ ಬಂದಿದ್ದರು. ನಾನು ಕೂರುತ್ತಿದ್ದ ಕಿಟಕಿಯಲ್ಲಿ ಯಾರೋ ಒಬ್ಬಳು ಹುಡುಗಿ ಪೆನ್ನು ಕಚ್ಚಿಕೊಂಡು ನಿಂತಿದ್ದಳು. ಚಹಾ ಬಣ್ಣದ ನೀರು ನನ್ನ ಹಣೆಯಿಂದ ಕಣ್ಣಿಗಿಳಿಯುತ್ತಿತ್ತು. ಕಣ್ಣು ಮುಚ್ಚಿ ಎಡಗೈಯನ್ನು ಮೇಲೆತ್ತಿದೆ. ಒಂದನೇ ತರಗತಿಯಲ್ಲಿ, ಮೇಷ್ಟ್ರು ಗೆಣ್ಣಿಗೆ ಹೊಡೆಯುವ ಮುಂಚೆ, ಬಂದೆ ಎನ್ನಲಾರದೆ ಈ ಕೈಯನ್ನೇ ಎತ್ತುತ್ತಿದ್ದೆ, ಹಾಗೆ.

"ಕೊಡೆ ಅನಂತಯ್ಯನ ಮಗಳು ತಾರಿಣಿ. ಇದು ನನ್ನ ಕೈ."

ನನ್ನದೇ ಕೊರಳು ಎಂದು ನನಗೇ ನಂಬಿಕೆಯಾಗಲಿಲ್ಲ. ಬೋರಕ್ಕ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಳು. ಉತ್ತರ ಬಂದದ್ದು ಹಿಂದಿನಿಂದ, ರಸ್ತೆಯ ಆ ಕಡೆಯಿಂದ.

"ಕೇಳಿಸಿತು," ಎಂದರು ಅಪ್ಪ.

ತಿರುಗಿ ನೋಡಿದೆ. ಅಪ್ಪ ಎಂಟು ಬಣ್ಣದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆ ಸರಿಮಾಡುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಹನಿ ನಿಂತಿತ್ತು. ಜನ ಬಹಳ ಹೊತ್ತು ಕೊಡೆ ಮಡಿಸಲಿಲ್ಲ. ಮೂರು ವರ್ಷದ ಅಭ್ಯಾಸ, ಯಾರೊಬ್ಬರಿಗೂ ಮೊದಲು ಮಡಿಸುವ ಧೈರ್ಯವಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಪದ್ಮರಾಜಯ್ಯ ನನ್ನ ಅರ್ಜಿಯನ್ನು ತೆಗೆದು ಒಂಬತ್ತನೆಯ ಅಂಕಣಕ್ಕೆ ಕೆಂಪು ಗೀಟು ಹಾಕಿದರು. ಬೈಯಲಿಲ್ಲ, ಕನ್ನಡಕವನ್ನು ಮಾತ್ರ ತುಂಬಾ ಹೊತ್ತು ಒರೆಸಿದರು. ಡಿಪ್ಲೊಮಾ ರದ್ದು, ಎರಡು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ. ನೆಲದ ಕೆಲಸ ಕಲಿಯುವುದಾದರೆ ಕಲಿಯಬಹುದು, ಸರ್ಟಿಫಿಕೇಟು ಸಿಗುವುದಿಲ್ಲ. ಕಲಿಯುತ್ತೇನೆ ಎಂದೆ. ಮರ ಉರುಳಿಸುವುದನ್ನು ಮುಂದಕ್ಕೆ ಹಾಕಿದರು. ಅಪ್ಪ ಪೆಟ್ಟಿಗೆಯಂಗಡಿಯನ್ನು ತಳ್ಳಿಕೊಂಡು ಮಾರ್ಕೆಟ್ಟಿನ ಮೂಲೆಗೆ ವಾಪಸು ಹೋದರು. ಊಟಕ್ಕೆ ಕೂತಾಗ ಈಗ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. ಎಂಟು ಬಣ್ಣದ ಕೊಡೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದೆ. ತೆಗೆದುಕೋ ಎಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ನಾನು ರಸ್ತೆಯಲ್ಲಿ ಹೋದರೆ ಹೆಂಗಸರು ತಮ್ಮ ಕಲೆಯಾದ ಸೀರೆಗಳ ಸೆರಗನ್ನು ಹಿಡಿದು ನೋಡಿಕೊಳ್ಳುತ್ತಾರೆ. ಒಬ್ಬಾಕೆ ತನ್ನ ಮಗಳ ಮದುವೆ ಸೀರೆಯನ್ನೇ ತಂದು ತೋರಿಸಿ, ಮತ್ತೆ ಮಡಿಚಿಕೊಂಡು ಹೋದಳು.

ಬೋರಕ್ಕನಿಗೆ ಬಿಲ್ಲೆ ಕೊಟ್ಟರು. ಅವಳು ಅದನ್ನು ಆ ಎರಡು ತೂತುಗಳಿಗೆ ಸರಿಯಾಗಿ ಚುಚ್ಚಿಕೊಂಡಳು. ಮೊದಲ ಕೆಲಸವೇ ಬಾಗೆ ಮರದ್ದು, ನಾನು ಸೀಳಿದ ಮೋಟನ್ನು ಸರಿಯಾಗಿ ಸವರುವುದು. ಕೇಂದ್ರದವರು ನೆಲಕ್ಕೆ ನನ್ನನ್ನು ಹಾಕಿದರು. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅದಕ್ಕೆ ಮುಂಚಿನ ನಾಲ್ಕು ವಾರದ ಅಭ್ಯಾಸದಲ್ಲಿ ಅವಳು ನನ್ನೊಡನೆ ಆಡಿದ್ದು ಬಿಗಿ, ಬಿಡು, ತಡಿ ಎಂಬ ಮೂರು ಮಾತು. ಹತ್ತುವ ಮುಂಚೆ ನಾನು ಹಾಕಿದ ಗಂಟನ್ನು ಮೂರು ಸಲ ಎಳೆದು ನೋಡಿದಳು. ಕನ್ನಡಿಯ ಗಂಟು. ಬಿಚ್ಚಿ ಮತ್ತೆ ಹಾಕಿಸಲಿಲ್ಲ. ಅದರ ಮೇಲೇ ತನ್ನ ಭಾರ ಬಿಟ್ಟು ಹತ್ತಿದಳು.

ಈ ಸಲ ನಾನು ಕೆಳಗಿನಿಂದ ನೋಡಿದೆ. ಕೆಳಗಿನ ಕಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು, ಎರಡು ಬೆರಳು ಆಳ. ಆಮೇಲೆ ಮೇಲಿನಿಂದ. ಮೋಟು ಸದ್ದಿಲ್ಲದೆ ಹಗ್ಗಕ್ಕೆ ಬಂತು, ನಾನು ಇಳಿಸಿದೆ. ಕೊನೆಗೆ ಕೊರಳು ಉಳಿಸಿ ಸವರಿದಳು. ಹೊಸ ಗಾಯದಿಂದ ಒಂದು ಹನಿ ಜಾರಿ ನನ್ನ ಹೆಲ್ಮೆಟ್ಟಿನ ಮೇಲೆ ಟಕ್ ಎಂದಿತು.

"ತಿಮ್ಮವ್ವನ ಮಗಳು ಬೋರಮ್ಮ. ಇದು ನನ್ನ ಕೈ."

ಕೆಳಗೆ ನಿಂತವಳು ನಾನೊಬ್ಬಳೇ. ಕೇಳಿಸಿತು, ಎಂದೆ, ಸಣ್ಣ ದನಿಯಲ್ಲಿ.

ಎರಡನೇ ಹನಿ ಬಿತ್ತು.

"ನಂಗೆ ಕೇಳಿಸ್ಲಿಲ್ಲ, ಡಿಗ್ರಿಯವ್ವ," ಎಂದಳು ಬೋರಕ್ಕ.